ಬೆಳಿಗ್ಗೆ ತೆರೆಯದ ಕೈಗಳು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು ಅಂತ ಸರ್ಕಾರ ಹೇಳಿತು. ನಮ್ಮ ಯಜಮಾನರು ಸ್ಟೂಲು ಹತ್ತಿ ಗೋಡೆ ಗಡಿಯಾರದ ಮುಳ್ಳನ್ನು ಬೆರಳಿನಿಂದ ತಳ್ಳಿದರು. ಅದಾದ ಸ್ವಲ್ಪ ದಿನಕ್ಕೇ ಅವರ ವರ್ಕ್‌ಶಾಪಿನಲ್ಲಿ ಪಾಳಿಯೂ ಬದಲಾಯಿತು. ಮಿಲಿಟರಿ ಲಾರಿಗಳನ್ನು ರಿಪೇರಿ ಮಾಡುವ ಜಾಗ ಅದು, ಅವರು ಅಲ್ಲಿ ಫಿಟ್ಟರ್. ಬಿಸಿಲು ಬಂದ ಮೇಲೆ ಊಟ ಮಾಡಿಕೊಂಡು ಹೊರಡುತ್ತಿದ್ದವರು ಇನ್ನು ಕತ್ತಲಲ್ಲೇ ಹೊರಡಬೇಕಾಯಿತು.

"ನಾಳೆಯಿಂದ ನಾಲ್ಕಕ್ಕೆ ಏಳ್ಬೇಕು ಕಣೆ" ಅಂದರು.

ಗಡಿಯಾರದ ಆ ನಾಲ್ಕು ನಿಜವಾಗಿ ಮೂರು. ಏಳ್ಬೇಕು ಅಂದದ್ದು ತಮ್ಮ ಬಗ್ಗೆ ಅಲ್ಲ, ನನ್ನ ಬಗ್ಗೆ.

ನಾವಿದ್ದದ್ದು ಹಲಸೂರಿನ ಒಂದು ಸಣ್ಣ ಮನೆಯಲ್ಲಿ. ನಾನು, ಅವರು, ನಮ್ಮ ಅತ್ತೆ, ಮಗಳು ಸರೋಜ. ನನ್ನ ತವರು ಹೊರಮಾವು. ನಮ್ಮಪ್ಪ ಕೆರೆಯ ಕೆಳಗೆ ಸೊಪ್ಪು ತರಕಾರಿ ಬೆಳೆಯುತ್ತಿದ್ದರು. ಪಾದ್ರಿಗಳ ಶಾಲೆಗೆ ಹಾಕಿದ್ದರಿಂದ ನನಗೆ ಓದು ಬರಹ ಬರುತ್ತದೆ. ಇದನ್ನು ಬರೆಯಲು ಸಾಧ್ಯವಾಗಿದ್ದೂ ಅದರಿಂದಲೇ. ಮದುವೆಯಾಗಿ ಬಂದ ಮೇಲೆ ಮನೆಗೆಲಸದಲ್ಲಿ ನನ್ನನ್ನು ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಬೀದಿಯ ನಲ್ಲಿಗೆ ಮೊದಲ ಬಿಂದಿಗೆ ನನ್ನದು. ಒಲೆ ಹಚ್ಚಿ, ಎಸರಿಟ್ಟು, ಹುಳಿ ಕುದಿಯುವಷ್ಟರಲ್ಲಿ ಅಂಗಳ ಗುಡಿಸಿ, ರಂಗೋಲಿ ಹಾಕಿ, ಸರೋಜಳಿಗೆ ಎರಡು ಜಡೆ ಹೆಣೆದು ಮುಗಿಸಿರುತ್ತಿದ್ದೆ. ಯಾವ ಕೆಲಸದ ಹಿಂದೆ ಯಾವ ಕೆಲಸ ಅಂತ ನಾನು ಯೋಚಿಸುತ್ತಲೇ ಇರಲಿಲ್ಲ, ಕೈ ತಾನಾಗಿ ಹೋಗುತ್ತಿತ್ತು.

ಆ ಕೈ ಒಂದು ದಿನ ಹೋಗಲಿಲ್ಲ. ಪಾಳಿ ಬದಲಾಗಿ ಒಂದೆರಡು ತಿಂಗಳಾಗಿತ್ತು. ಎದ್ದು ಚಿಮಣಿ ಹಚ್ಚಲು ಹೋದರೆ ಬೆಂಕಿಕಡ್ಡಿ ಹಿಡಿಯಲಾಗಲಿಲ್ಲ. ಬೆರಳುಗಳು ಅರ್ಧ ಮಡಿಸಿಕೊಂಡು ಹಾಗೇ ನಿಂತಿದ್ದವು. ಗೆಣ್ಣುಗಳು ಊದಿ ಬಿಸಿಯಾಗಿದ್ದವು. ರಾತ್ರಿ ಕೈ ಒತ್ತಿ ಮಲಗಿರಬೇಕು ಅಂದುಕೊಂಡೆ. ಆ ದಿನ ಬಿಂದಿಗೆಯನ್ನು ಮೊಣಕೈಯಲ್ಲಿ ಅಪ್ಪಿಕೊಂಡು ತಂದೆ. ಮುದ್ದೆ ತೊಳಸುವಾಗ ಕೋಲು ಹಿಡಿದ ಮಣಿಕಟ್ಟಿನಿಂದ ಭುಜದವರೆಗೆ ಕಾಯಿಸಿದ ಸರಳು ತೂರಿಸಿದ ಹಾಗಾಯಿತು. ಮಧ್ಯಾಹ್ನದ ಹೊತ್ತಿಗೆ ಬೆರಳು ಬಿಟ್ಟುಕೊಂಡವು. ಮಾರನೆಯ ಬೆಳಿಗ್ಗೆ ಮತ್ತೆ ಅದೇ. ಅದರ ಮಾರನೆಯ ದಿನವೂ ಅದೇ.

ಈ ಕಾಯಿಲೆಯ ಕೆಟ್ಟತನ ನೋವಲ್ಲ, ಅದು ಬಂದು ಹೋಗುವ ವೇಳೆ. ಬೆಳಿಗ್ಗೆ ಸತ್ತ ಕೈ ಮಧ್ಯಾಹ್ನ ಬದುಕುತ್ತದೆ. ಹೀಗಾಗಿ ಯಾರೂ ನಂಬುವುದಿಲ್ಲ. ನಮ್ಮ ಅತ್ತೆ ಬಾಗಿಲಲ್ಲಿ ಕೂತು ಪಕ್ಕದ ಮನೆಯ ಸೆಲ್ವಮ್ಮನಿಗೆ ಕೇಳುವ ಹಾಗೆ ಹೇಳಿದರು:

"ಕೆಲ್ಸ ಇರೋವಾಗ ಬಂದು, ಕೆಲ್ಸ ಮುಗಿದ್ಮೇಲೆ ಹೋಗೋ ಕಾಯ್ಲೇನ ನಾನಂತೂ ಕಂಡಿಲ್ಲಮ್ಮ."

ನಾನು ಒಳಗೆ ಅವರದೇ ಸೀರೆ ಹಿಂಡುತ್ತಿದ್ದೆ. ಮಧ್ಯಾಹ್ನವಾಗಿತ್ತು, ಕೈ ಆಡುತ್ತಿತ್ತು. ಹಿಂಡಿದ ಸೀರೆಯನ್ನು ಬಕೆಟ್ಟಿಗೆ ಎಸೆದ ಸದ್ದು ಅವರಿಗೂ ಕೇಳಿಸಿರಬೇಕು. ಆಗಿನ್ನೂ ಬಾಯಿ ಬಿಡುವುದು ನನಗೆ ಬಂದಿರಲಿಲ್ಲ.

ಬರಬರುತ್ತ ಕಾಲಿನ ಬೆರಳಿಗೂ ಮಂಡಿಗೂ ಬಂತು. ಒಂದು ಬೆಳಿಗ್ಗೆ ಕುದಿಯುವ ಹುಳಿಯ ಪಾತ್ರೆ ಕೈಜಾರಿ ಬಿತ್ತು. ಪಾದದ ಮೇಲೆ ಬೀಳದೆ ಪಕ್ಕಕ್ಕೆ ಹೋಯಿತು. ಯಜಮಾನರು ಬುತ್ತಿ ಇಲ್ಲದೆ ಹೊರಟರು. ಹೋಗುವಾಗ "ಸ್ವಲ್ಪ ನೋಡ್ಕೊಂಡು ಮಾಡ್ಬಾರ್ದಾ" ಅಂದರು. ಸರೋಜ ಜಡೆ ಹೆಣೆಸಿಕೊಳ್ಳಲು ಬಾಚಣಿಗೆ ಹಿಡಿದು ಬೆನ್ನು ತಿರುಗಿಸಿ ಕೂತಳು. ಕೂದಲನ್ನು ಮೂರು ಭಾಗ ಮಾಡುವುದೂ ನನ್ನಿಂದಾಗಲಿಲ್ಲ. "ಬಿಡಮ್ಮ, ಹಂಗೇ ಹೋಗ್ತೀನಿ" ಅಂತ ಅವಳು ತಲೆ ಕೆದರಿಕೊಂಡೇ ಶಾಲೆಗೆ ಹೋದಳು. ಮೇಷ್ಟ್ರು ಬೈದರಂತೆ. ನೋವಿಗೆ ಬರದ ಅಳು ನನಗೆ ಆ ಜಡೆಗೆ ಬಂತು.

ಆಮೇಲೆ ಡಾಕ್ಟರು. ಬೆನ್ಸನ್ ಟೌನಿನಲ್ಲಿ ಹೆಸರಾದ ಒಬ್ಬರಿದ್ದಾರೆ, ಮಿಲಿಟರಿ ಆಫೀಸರರೆಲ್ಲ ಅಲ್ಲಿಗೇ ಹೋಗುವುದು ಅಂತ ವರ್ಕ್‌ಶಾಪಿನಲ್ಲಿ ಯಾರೋ ಹೇಳಿದ್ದರು. ಅವರ ಹೆಸರು ನಾನು ಬರೆಯುವುದಿಲ್ಲ. ಬಂಗಲೆಯ ಮುಂದಿನ ವರಾಂಡದಲ್ಲಿ ಬೆತ್ತದ ಕುರ್ಚಿಗಳು, ಮೇಲೆ ಫ್ಯಾನು. ಅಲ್ಲಿ ಕೂರುವವರು ಬೇರೆ. ನಮ್ಮಂಥವರಿಗೆ ಪಕ್ಕದ ಸಂದಿಯಲ್ಲಿ ಒಂದು ಬೆಂಚು, ಅದೂ ತುಂಬಿದರೆ ನೆಲ. ನೆಲದಲ್ಲಿ ಕೂತರೆ ನನ್ನ ಮಂಡಿ ಮತ್ತೆ ಏಳಲು ಬಿಡುವುದಿಲ್ಲ. ಗೋಡೆಗೆ ಒರಗಿ ನಿಂತೇ ಇದ್ದೆ. ನಮ್ಮ ನಂತರ ಬಂದ ದೊರೆಸಾನಿಯರೆಲ್ಲ ಒಳಗೆ ಹೋಗಿ ಬಂದರು. ಒಬ್ಬಾಕೆಯ ನಾಯಿ ಕೂಡ ಖಾಲಿ ಕುರ್ಚಿಯ ಮೇಲೆ ಮಲಗಿತ್ತು. ಕಾಂಪೌಂಡರ್ ನಮ್ಮನ್ನು ಕರೆಯುವಷ್ಟರಲ್ಲಿ ಬಿಸಿಲು ಏರಿತ್ತು, ನನ್ನ ಬೆರಳುಗಳು ಬಿಟ್ಟುಕೊಂಡಿದ್ದವು. ಮುಚ್ಚಿ ತೆರೆದು ತೋರಿಸು ಅಂದರು. ಮುಚ್ಚಿದೆ, ತೆರೆದೆ. ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಅಂದರು. ಕಾಂಪೌಂಡರ್ ನಕ್ಕ.

ಮತ್ತೆ ಬಾಯಿ ತೆರೆಯಲು ಹೇಳಿದರು. ಒಂದು ಕಡ್ಡಿಯಿಂದ ಹಲ್ಲುಗಳನ್ನು ತಟ್ಟಿ ನೋಡಿ ಬಹಳ ಹೊತ್ತು ಮಾತಾಡಿದರು. ಕಾಂಪೌಂಡರ್ ಅದನ್ನು ಯಜಮಾನರಿಗೆ ಹೇಳಿದ, ನನಗಲ್ಲ.

"ಹಲ್ಲಿನ ಬೇರಲ್ಲಿ ವಿಷ ಕೂತಿದೆಯಂತೆ. ಅದು ರಕ್ತಕ್ಕೆ ಇಳಿದು ಗೆಣ್ಣಿಗೆ ಬರುತ್ತಂತೆ. ಹಿಂದಿನ ಹಲ್ಲೆಲ್ಲ ತೆಗೀಬೇಕಂತೆ."

"ನನ್ನ ಹಲ್ಲು ನೋಯಲ್ಲ" ಅಂದೆ.

ಯಾರೂ ತಿರುಗಿ ನೋಡಲಿಲ್ಲ. ನಾನು ಇನ್ನೊಂದು ಸಲ ಹೇಳಿದೆ. ಯಜಮಾನರು ನನ್ನ ಕಡೆ ವಾಲಿ ಮೆಲ್ಲಗೆ "ಡಾಕ್ಟರಿಗೆ ಗೊತ್ತಿರಲ್ವೇನೆ?" ಅಂದರು.

ಒಂದೇ ದಿನ ತೆಗೆಯಲಿಲ್ಲ. ಹೋದಾಗಲೆಲ್ಲ ಒಂದಿಷ್ಟು ಕಿತ್ತರು. ಹುಳುಕಿಲ್ಲದ, ಅಲ್ಲಾಡದ ಹಲ್ಲುಗಳು. ಕಬ್ಬು ಸಿಗಿದು ತಿಂದ ಹಲ್ಲುಗಳು. ಇಕ್ಕಳ ಹಾಕಿ ಎಳೆಯುವಾಗ ತಲೆಯೊಳಗೆ ಮರ ಮುರಿದ ಹಾಗೆ ಸದ್ದಾಗುತ್ತಿತ್ತು. ಬಾಯಿಗೆ ಹತ್ತಿ ತುರುಕಿಕೊಂಡು ಜಟಕಾದಲ್ಲಿ ಮನೆಗೆ ಬರುತ್ತಿದ್ದೆ, ಮಾರನೆಯ ಬೆಳಗಿನ ಜಾವ ಎದ್ದು ಒಲೆ ಹಚ್ಚುತ್ತಿದ್ದೆ. ಕೊನೆಯ ಹಲ್ಲು ಹೋದ ಮೇಲೂ ಕೈ ಹಾಗೇ ಇತ್ತು. ಮುಂಚೆ ಕೈ ಮಾತ್ರ ಇರಲಿಲ್ಲ, ಈಗ ಅಗಿಯಲು ಹಲ್ಲೂ ಇರಲಿಲ್ಲ. "ಕೆಲವರಿಗೆ ಗುಣ ಆಗುತ್ತೆ, ಕೆಲವರಿಗೆ ಆಗಲ್ಲ" ಅಂತ ಕಾಂಪೌಂಡರ್ ಹೇಳಿ ಕಳಿಸಿದ.

ಆ ಕಾಲದಲ್ಲಿ ಎಷ್ಟೋ ಡಾಕ್ಟರುಗಳು ಹಾಗೇ ನಂಬಿದ್ದರು, ಬೇಕೆಂದು ಮಾಡಿದ್ದಲ್ಲ ಅಂತ ಆಮೇಲೆ ಒಬ್ಬರು ನನಗೆ ತಿಳಿಸಿ ಹೇಳಿದರು. ಇರಬಹುದು. ಅದರಿಂದ ನನ್ನ ಸಿಟ್ಟು ಒಂದು ಚೂರೂ ಇಳಿದಿಲ್ಲ. ನನ್ನ ಬಾಯೊಳಗಿನ ಹಲ್ಲು ನೋಯುತ್ತದೋ ಇಲ್ಲವೋ ಅಂತ ಹೇಳಬಲ್ಲವಳು ಆ ಕೋಣೆಯಲ್ಲಿ ನಾನೊಬ್ಬಳೇ. ಕೇಳಬೇಕು ಅಂತ ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ.

ಇಷ್ಟಾದ ಮೇಲೆ ಅತ್ತೆಯ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ಒಂದಷ್ಟು ದಿನ ತವರಲ್ಲಿರ್ಲಿ ಪಾಪ, ಸುಧಾರಿಸ್ಕೊಳ್ಳಲಿ. ಸರೋಜನ ನಾನು ನೋಡ್ಕೋತೀನಿ" ಅಂದರು. ನನಗೆ ಕಣ್ಣಲ್ಲಿ ನೀರು ಬಂತು. ಎಂಥ ಪೆದ್ದಿ ನಾನು.

ಹೊರಮಾವಿನಲ್ಲಿ ಅಮ್ಮ ನನ್ನನ್ನು ಏಳಿಸಲೇ ಇಲ್ಲ. ಎಣ್ಣೆ ಬೆಚ್ಚಗೆ ಮಾಡಿ ಬೆರಳಿಗೆ ಸವರಿ, ಬಿಸಿಲು ಬೀಳುವ ಕಡೆ ಚಾಪೆ ಹಾಕುತ್ತಿದ್ದಳು. ಬಿಸಿಲು ಚುರುಗುಟ್ಟುವ ಹೊತ್ತಿಗೆ ಕೈ ಬಿಟ್ಟುಕೊಳ್ಳುತ್ತಿತ್ತು. ಆಮೇಲೆ ಅವರೆಕಾಯಿ ಬಿಡಿಸುತ್ತಿದ್ದೆ, ಸೊಪ್ಪಿನ ಕಂತೆ ಕಟ್ಟುತ್ತಿದ್ದೆ, ಸಂಜೆ ಅತ್ತಿಗೆಯ ಜೊತೆ ಕೂತು ರೊಟ್ಟಿ ತಟ್ಟುತ್ತಿದ್ದೆ. ಕತ್ತಲಾಗುವವರೆಗೂ ಕೈ ಆಡುತ್ತಿತ್ತು. ನಾನು ಕೆಲಸಕ್ಕೆ ಬಾರದವಳಾಗಿರಲಿಲ್ಲ. ಬೆಳಗಿನ ಕೆಲಸಕ್ಕೆ ಬಾರದವಳಾಗಿದ್ದೆ, ಅಷ್ಟೇ. ಇದು ಹಲಸೂರಿನಲ್ಲಿ ಯಾಕೆ ಯಾರ ತಲೆಗೂ ಹೊಳೆಯಲಿಲ್ಲ, ನನ್ನ ತಲೆಗೂ ಯಾಕೆ ಹೊಳೆಯಲಿಲ್ಲ ಅಂತ ಆ ಬಿಸಿಲಲ್ಲಿ ಕೂತು ಹಲ್ಲಿಲ್ಲದ ದವಡೆ ಕಡಿದುಕೊಂಡೆ.

ಅಣ್ಣ ಗಾಡಿಯಲ್ಲಿ ಸೊಪ್ಪು ಹೇರಿಕೊಂಡು ದಂಡಿನ ಮಾರುಕಟ್ಟೆಗೆ ಹೋಗಿ ಬರುತ್ತಿದ್ದ. ಕಂಟೋನ್ಮೆಂಟಿಗೆ ನಾವು ದಂಡು ಅಂತಲೇ ಹೇಳುವುದು. ಒಂದು ದಿನ ಬಂದವನು ಊಟಕ್ಕೆ ಬರದೆ ಎತ್ತುಗಳ ಹತ್ತಿರವೇ ನಿಂತಿದ್ದ. ನಾನು ಕರೆಯಲು ಹೋದೆ.

"ದೊಡ್ಡನೆಕ್ಕುಂದಿಲಿ ಹೆಣ್ಣು ನೋಡ್ಕೊಂಡು ಬಂದವ್ರಂತೆ, ನಿಮ್ಮತ್ತೆ ಮತ್ತೆ ಅವರ ತಂಗಿ" ಅಂದ.

"ಯಾರಿಗೆ?"

ಅವನು ಎತ್ತಿನ ಕೊರಳಿನ ಹಗ್ಗವನ್ನು ಬಿಚ್ಚುತ್ತಲೇ ಇದ್ದ. ಬಿಚ್ಚಿ ಮುಗಿದ ಮೇಲೂ ಬಿಚ್ಚುತ್ತಿದ್ದ.

ಅಮ್ಮ ಅತ್ತಳು. ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ಮಾತಾಡೋಣ ಅಂತ ಅಪ್ಪ ಅಂದರು. ನನಗೆ ಯಾರೂ ಬೇಕಾಗಿರಲಿಲ್ಲ. ಮಾರನೆಯ ದಿನ ಅಣ್ಣನ ಗಾಡಿ ಹೊರಡುವಾಗ ಬೆರಳುಗಳು ಎಂದಿನಂತೆ ಮಡಿಸಿಕೊಂಡಿದ್ದವು. ಅಣ್ಣ ಎತ್ತಿ ಕೂರಿಸಿದ. ಕೊತ್ತಂಬರಿ ಕಂತೆಗಳ ನಡುವೆ ಕೂತು ಹಲಸೂರಿಗೆ ಬಂದೆ. ದಾರಿಯುದ್ದಕ್ಕೂ ಗಾಡಿ ಕುಲುಕಿದಾಗಲೆಲ್ಲ ಒಂದೊಂದು ಕೀಲೂ ಕೂಗುತ್ತಿತ್ತು. ನನ್ನೊಳಗಿನ ಸಿಟ್ಟು ಅದಕ್ಕಿಂತ ಜೋರಾಗಿತ್ತು.

ಅತ್ತೆ ಜಗಲಿಯಲ್ಲಿ ಕೂತು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು. ರೇಷನ್ ಅಕ್ಕಿ, ಕಲ್ಲೇ ಹೆಚ್ಚು. ನನ್ನನ್ನು ಕಂಡು ಮೊರ ಕೆಳಗಿಟ್ಟರು.

"ಯಾರ ಜೊತೆ ಬಂದೆ?"

"ಕೊತ್ತಂಬರಿ ಸೊಪ್ಪಿನ ಜೊತೆ."

"ಹೇಳಿ ಕಳಿಸಿದ್ರೆ ಬಂದು ಕರ್ಕೊಂಡು ಬರ್ತಿದ್ವಲ್ಲ."

"ಯಾರನ್ನ ಅತ್ತೆ? ನನ್ನನ್ನೋ, ದೊಡ್ಡನೆಕ್ಕುಂದಿಯವಳನ್ನೋ?"

ಆಚೆ ಸೆಲ್ವಮ್ಮನ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ಯಜಮಾನರು ಪಾಳಿ ಮುಗಿಸಿ ಮಧ್ಯಾಹ್ನ ಬಂದರು. ನಡುಮನೆಯಲ್ಲಿ ನಾನು ಕೂತಿದ್ದನ್ನು ಕಂಡು ಬಾಗಿಲಲ್ಲೇ ನಿಂತರು. ಕೈಯಲ್ಲಿ ಲಾರಿಯ ಗ್ರೀಸು.

"ಅಮ್ಮ ನೋಡಿದ್ದು. ನಾನು ಹೂಂ ಅಂದಿಲ್ಲ" ಅಂದರು, ನಾನು ಕೇಳುವ ಮೊದಲೇ.

"ಉಹೂಂ ಅಂದ್ರಾ?"

ಅವರು ಕೈ ಒರೆಸಲು ಬಟ್ಟೆ ಹುಡುಕಿದರು. ಅವರು ಕೆಟ್ಟವರಲ್ಲ. ಕುಡಿಯುವವರಲ್ಲ, ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ. ಆದರೆ ಹೂಂ ಉಹೂಂ ಎರಡೂ ಅನ್ನದೆ ಬದುಕಬಹುದು ಅಂತ ತಿಳಿದವರು. ಅಂಥವರ ಮನೆಯಲ್ಲಿ ತೀರ್ಮಾನಗಳೆಲ್ಲ ಹೆಂಗಸರ ಬೆನ್ನ ಮೇಲೆ ಬೀಳುತ್ತವೆ.

"ಆ ಹುಡುಗಿ ಬರ್ತಾಳೆ, ನಾಲ್ಕಕ್ಕೆ ಎದ್ದು ಮುದ್ದೆ ಮಾಡ್ತಾಳೆ" ಅಂದೆ. "ನಾಳೆ ಅವಳ ಕೈ ನಿಂತೋದ್ರೆ? ಇನ್ನೊಬ್ಬಳನ್ನ ನೋಡ್ಕೊಂಡು ಬರ್ತೀರಾ? ಗಡಿಯಾರ ತಿರುಗಿಸಿದ್ದು ಸರ್ಕಾರ. ಪಾಳಿ ಬದಲಾಯಿಸಿದ್ದು ನಿಮ್ಮ ವರ್ಕ್‌ಶಾಪು. ಅವರಿಗೆಲ್ಲ ನೀವು ಆಗಲ್ಲ ಅನ್ನಲ್ಲ. ನನ್ನ ಕೈ ಮಧ್ಯಾಹ್ನಕ್ಕೆ ಏಳುತ್ತೆ ಅಂದ್ರೆ ಮಾತ್ರ ಹೆಂಡ್ತೀನೇ ಬದಲಾಯಿಸ್ತೀರಾ?"

"ಮೆಲ್ಲಗೆ ಮಾತಾಡು. ಬೀದಿಗೆ ಕೇಳುತ್ತೆ."

"ಕೇಳ್ಲಿ. ನಿಮಗೆ ಬುತ್ತಿ ಬೇಕು ತಾನೆ? ಕೊಡ್ತೀನಿ. ಯಾವ ಹೊತ್ತಲ್ಲಿ ಮಾಡ್ಬೇಕು, ಯಾರು ಏನು ಮಾಡ್ಬೇಕು ಅಂತ ಇನ್ಮೇಲೆ ನಾನು ಹೇಳ್ತೀನಿ. ಆಗಲ್ಲ ಅಂದ್ರೆ ಈಗಲೇ ಹೇಳಿ. ಸರೋಜನ್ನ ಕರ್ಕೊಂಡು ಹೋಗ್ತೀನಿ. ಅಣ್ಣ ಇನ್ನೂ ಮಾರುಕಟ್ಟೆಲೇ ಇದಾನೆ."

ಅವರು ಒಳಗೆ ಬಂದು ನನ್ನೆದುರು ನೆಲದ ಮೇಲೆ ಕೂತರು. ಕೊನೆಗೆ, "ಏನ್ ಮಾಡ್ಬೇಕು ಹೇಳು" ಅಂದರು. ಕ್ಷಮಿಸು ಅನ್ನಲಿಲ್ಲ. ಇವತ್ತಿನವರೆಗೂ ಅಂದಿಲ್ಲ.

ಆ ವಾರವೇ ಸೆಲ್ವಮ್ಮ ನನ್ನನ್ನು ಈಗ ಶಿವಾಜಿನಗರ ಅನ್ನುವ ಕಡೆಗೆ, ಆಗಿನ ಬ್ಲಾಕ್‌ಪಳ್ಳಿಗೆ, ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವಳ ತಮಿಳು ಬೆರೆತ ಕನ್ನಡದಲ್ಲಿ "ನೀ ಬಾ ಜಯಮ್ಮಾ, ಆ ಅಮ್ಮ ಹಲ್ಲೆಲ್ಲ ಕೀಳಲ್ಲ" ಅಂತ ಹೇಳಿದಾಗ ಬಹಳ ದಿನದ ಮೇಲೆ ನಗು ಬಂತು. ಅಲ್ಲೂ ಜನ ತುಂಬಿದ್ದರು. ಬುರ್ಖಾದವರು, ಸೀರೆಯವರು, ಫ್ರಾಕಿನವರು ಎಲ್ಲ ಒಂದೇ ಬೆಂಚು. ನನ್ನ ಪಕ್ಕದ ಅಜ್ಜಿ ನನ್ನ ಬೆರಳು ನೋಡಿ ಏನೂ ಕೇಳದೆ ಎದ್ದು ಗೋಡೆಗೆ ಒರಗುವ ಜಾಗ ಬಿಟ್ಟುಕೊಟ್ಟಳು.

ಡಾಕ್ಟರಮ್ಮ ನನ್ನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದುಕೊಂಡು ಕೇಳಿದ ಮೊದಲ ಮಾತು, "ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಡುತ್ತಮ್ಮ ಇದು?"

ಅಷ್ಟು ದಿನಗಳಲ್ಲಿ ಇದನ್ನು ಕೇಳಿದವರು ಅವರೊಬ್ಬರೇ. ನಾನು ಹೇಳಿದೆ. ಅವರು ನಂಬಿದರು. ಕೀಲುವಾತ ಅಂದರು. ಇದು ವಯಸ್ಸಾದವರಿಗೆ ಬರುವುದಲ್ಲ, ಬೇರೆ ಜಾತಿಯದು, ನನ್ನಂಥ ಹೆಂಗಸರಿಗೇ ಹೆಚ್ಚು ಬರುವುದು ಅಂದರು.

"ಹೋಗುತ್ತಾ ಡಾಕ್ಟರಮ್ಮ?"

"ಇಲ್ಲ. ಕಡಿಮೆ ಆಗುತ್ತೆ, ಮತ್ತೆ ಜಾಸ್ತಿ ಆಗುತ್ತೆ. ಇದನ್ನ ಇಟ್ಕೊಂಡೇ ಬದುಕ್ಬೇಕು. ನೋವಿಗೆ ಮಾತ್ರೆ ಕೊಡ್ತೀನಿ. ಬೆಳಿಗ್ಗೆ ಬಿಸಿನೀರಲ್ಲಿ ಕೈ ಇಟ್ಕೊ. ಕೈ ಬೇಡ ಅಂದ್ರೆ ಕೆಲಸ ಮಾಡಿಸ್ಬೇಡ."

ಹೋಗುವುದಿಲ್ಲ ಅಂತ ಕೇಳಿ ನಾನು ಕುಸಿಯಬೇಕಿತ್ತು. ಕುಸಿಯಲಿಲ್ಲ. ಅದು ನಿಜವಾದ ಕಾಯಿಲೆ, ಅದಕ್ಕೊಂದು ಹೆಸರಿದೆ ಅಂತ ಕೇಳಿದ್ದೇ ಒಂದು ಬಲವಾಯಿತು. ಮನೆಗೆ ಬಂದು ಅತ್ತೆಗೆ ಆ ಹೆಸರನ್ನು ಜೋರಾಗಿ ಹೇಳಿದೆ.

ದಿನಚರಿಯನ್ನು ಹೊಸದಾಗಿ ಕಟ್ಟುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬೆಳಗಿನ ಕೆಲಸವನ್ನೆಲ್ಲ ಹಿಂದಿನ ಸಂಜೆಗೆ ಎಳೆದು ತರಬೇಕಿತ್ತು. ಮೊದಲು ನೀರು. ಮಧ್ಯಾಹ್ನವೂ ಬೀದಿ ನಲ್ಲಿಯಲ್ಲಿ ಸ್ವಲ್ಪ ಹೊತ್ತು ನೀರು ಬರುತ್ತಿತ್ತು. ರಾತ್ರಿ ಕಳೆದ ನೀರು ಕುಡಿಯಬಾರದು ಅಂತ ಅತ್ತೆ ಹಿಡಿಯಲು ಬಿಟ್ಟಿರಲಿಲ್ಲ, ಈಗ ನಾನು ಆಗಲೇ ಹಿಡಿದೆ. ಬಿಂದಿಗೆ ಬಿಟ್ಟು ಸಣ್ಣ ತಂಬಿಗೆಗಳಲ್ಲಿ, ನಾಲ್ಕು ಸಲದ ಬದಲು ಎಂಟು ಸಲ ಓಡಾಡಿ. ಸೌದೆಯನ್ನು ಸಂಜೆಯೇ ಸಿಗಿದು ಒಲೆಯ ಪಕ್ಕ ಜೋಡಿಸುವುದು ಯಜಮಾನರ ಪಾಲು. ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಮಲಗುವುದು, ಬೆಳಿಗ್ಗೆ ಅವರೇ ಕೆದಕಿ ಊದಿ ನೀರು ಕಾಯಿಸುವುದು. ಅದರಲ್ಲೇ ನನ್ನ ಕೈಗೆ ಒಂದು ಪಾತ್ರೆ. ಸೌಟು, ಬಾಣಲೆ ಎಲ್ಲದರ ಹಿಡಿಗೂ ಹಳೆ ಸೀರೆ ಸುತ್ತಿ ದಪ್ಪ ಮಾಡಿದೆ. ಸರೋಜಳಿಗೆ ಸಂಜೆಯೇ ಜಡೆ ಹೆಣೆದು, ತಲೆಗೆ ಬಟ್ಟೆ ಕಟ್ಟಿ ಮಲಗಿಸುತ್ತಿದ್ದೆ.

ಎಷ್ಟೋ ಸಲ ಕೆಟ್ಟಿತು. ಸಂಜೆ ಮಾಡಿದ ಹುಳಿ ಬೇಸಿಗೆಯಲ್ಲಿ ಬೆಳಿಗ್ಗೆಗೆ ಹಳಸಿ, ಬುತ್ತಿ ತೆರೆದವರು ಹಸಿದು ಬಂದರು. ಆಮೇಲೆ ಹುಳಿ ಬಿಟ್ಟು ಗೊಜ್ಜು, ಚಟ್ನಿಪುಡಿ, ಮಜ್ಜಿಗೆಗೆ ಕಿವುಚಿದ ತಂಗಳು ಮುದ್ದೆ ಅಂತ ಮಾಡಿಕೊಂಡೆವು. ಮುದ್ದೆ ತೊಳಸಲು ಕೋಲನ್ನು ಯಜಮಾನರ ಕೈಗೆ ಕೊಟ್ಟೆ. ಗಂಡಸಿನ ಕೈಯಲ್ಲಿ ಕೋಲು ಕಂಡು ಅತ್ತೆ ಎರಡು ದಿನ ಊಟ ಬಿಟ್ಟು ತಂಗಿಯ ಮನೆಗೆ ಹೋದರು. ಮೊದಲ ಮುದ್ದೆಯಲ್ಲಿ ಅರ್ಧ ಗಂಟು.

"ಲಾರಿ ಇಂಜಿನ್ ಬಿಚ್ಚಿ ಜೋಡಿಸ್ತೀರಿ, ಇದಾಗಲ್ವಾ?" ಅಂದೆ.

"ಇಂಜಿನ್ನು ಇಷ್ಟು ಅಂಟಲ್ಲ" ಅಂದರು, ಬೆವರು ಒರೆಸಿಕೊಳ್ಳುತ್ತ.

ಕೆಲವು ದಿನ ಸಂಜೆಯೂ ಕೈ ಏಳುತ್ತಿರಲಿಲ್ಲ. ಈಗಲೂ ಅಂಥ ದಿನಗಳು ಬರುತ್ತವೆ. ಅವತ್ತು ನೆನೆಸಿದ ಅವಲಕ್ಕಿ, ಮೇಲೆ ಒಂದಿಷ್ಟು ಬೆಲ್ಲ. ಯಾರೂ ಸತ್ತಿಲ್ಲ. ಇಷ್ಟು ಸಣ್ಣ ಬದಲಾವಣೆಗಳು ಇವು. ನನ್ನ ಹಲ್ಲು ಕೀಳಿಸುವ ಮುಂಚೆ, ನನಗೊಬ್ಬಳು ಸವತಿಯನ್ನು ಹುಡುಕುವ ಮುಂಚೆ ಇವನ್ನು ಮಾಡಿ ನೋಡಬಹುದಿತ್ತು. ಸೌದೆ ಜೋಡಿಸುವಾಗೆಲ್ಲ ಅದು ನೆನಪಾಗಿ ಸಿಟ್ಟು ಬರುತ್ತದೆ. ಇದನ್ನು ಓದುತ್ತಿರುವ ಯಾರದಾದರೂ ಕೈ ಬೆಳಿಗ್ಗೆ ತೆರೆಯದಿದ್ದರೆ, ನಿಮಗೆ ಸೋಮಾರಿತನವೂ ಇಲ್ಲ, ಹುಚ್ಚೂ ಇಲ್ಲ. ಅದನ್ನು ಮನೆಯವರಿಗೆ ಹೇಳಿ. ಮೆಲ್ಲಗೆ ಹೇಳಿದರೆ ಕೇಳಿಸದಿದ್ದರೆ ಬೀದಿಗೆ ಕೇಳುವ ಹಾಗೆ ಹೇಳಿ.

ಯುದ್ಧ ಮುಗಿದ ಮೇಲಿನ ಯುಗಾದಿಗೆ ಅತ್ತೆಯ ತಂಗಿ ಮನೆಮಂದಿಯೊಂದಿಗೆ ಬಂದರು. ದೊಡ್ಡನೆಕ್ಕುಂದಿಗೆ ಹೆಣ್ಣು ನೋಡಲು ಹೋಗಿದ್ದ ಅದೇ ಚಿಕ್ಕತ್ತೆ. ಮುಂಚೆಯೆಲ್ಲ ಹಬ್ಬದ ದಿನ ಕತ್ತಲಲ್ಲೇ ಎದ್ದು ಒಬ್ಬಟ್ಟಿನ ಹೂರಣ ರುಬ್ಬಿ, ಮಧ್ಯಾಹ್ನಕ್ಕೆ ಎಲೆ ಹಾಕಿಬಿಡುತ್ತಿದ್ದೆ. ಈ ಸಲ ಅವರು ಬಂದು ಕೂತಾಗ ನಾನಿನ್ನೂ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತಿದ್ದೆ. ಬೇವು ಬೆಲ್ಲ ಕೊಟ್ಟು, ಮಜ್ಜಿಗೆ ಕೊಟ್ಟು, ಮಧ್ಯಾಹ್ನಕ್ಕೆ ಚಿತ್ರಾನ್ನ ಬಡಿಸಿದೆ. ಚಿಕ್ಕತ್ತೆ ಎಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಒಬ್ಬಟ್ಟು ಎಲ್ಲಿ? ಹಬ್ಬದ ದಿನ ಇದೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟರು. ಕತ್ತು ನೆಟ್ಟಗೆ ಮಾಡಿಕೊಂಡು, ತಲೆತಲಾಂತರದಿಂದ ನಡೆದುಬಂದದ್ದನ್ನು ಹೇಳುವ ಹಾಗೆ.

"ನಮ್ಮನೇಲಿ ಒಬ್ಬಟ್ಟು ಸಾಯಂಕಾಲವೇ ಕಣೆ. ದೀಪ ಹಚ್ಚಿದ್ಮೇಲೆ. ನಮ್ಮ ಪದ್ಧತಿ ಅದು."

ನನಗೆ ಮೈ ಉರಿದು ಹೋಯಿತು. ನಾನು ಹಲ್ಲು ಕಳೆದುಕೊಂಡು, ಗಾಡಿಯಲ್ಲಿ ಕುಲುಕಾಡಿ ಬಂದು, ಜಗಳವಾಡಿ ಗಳಿಸಿದ್ದನ್ನು ಈಯಮ್ಮ ಒಂದೇ ಮಾತಿನಲ್ಲಿ ತಮ್ಮ ಮನೆತನದ ಹೆಸರಿಗೆ ಬರೆದುಕೊಂಡರು. ಎಲ್ಲರ ಎದುರಿಗೇ ಕೇಳಿಬಿಡಬೇಕು ಅನ್ನಿಸಿತು, ಯಾವಾಗಿನಿಂದ ಅತ್ತೆ ಈ ಪದ್ಧತಿ ಅಂತ. ಚಿಕ್ಕತ್ತೆ ಆಗಲೇ "ಹೌದಾ, ನಂಗೆ ಗೊತ್ತೇ ಇರ್ಲಿಲ್ಲ" ಅಂತ ಚಿತ್ರಾನ್ನಕ್ಕೆ ಕೈ ಹಾಕಿದ್ದರು. ಅತ್ತೆ ಮಾತ್ರ ನನ್ನ ಕಡೆ ತಿರುಗಲಿಲ್ಲ. ಅವರ ಕಿವಿ ಕೆಂಪಾಗಿತ್ತು.

ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಹೂರಣಕ್ಕೆ ಬೇಳೆ ತೊಳೆಯಲು ಒಳಗೆ ಹೋದೆ. ಬೆರಳುಗಳು ಆಗಷ್ಟೇ ಬಿಟ್ಟುಕೊಂಡಿದ್ದವು.